ಗ್ಲೆನಿಸ್ ಮನೆಯ ಮೆಟ್ಟಿಲ ದೀಪ

ನನ್ನ ವಿದ್ಯುತ್ ಸಾಮಾನಿನ ಅಂಗಡಿಗೆ ನಗುತ್ತ ಬರುವವರು ಕಡಿಮೆ. ಏನಾದರೂ ಕೆಟ್ಟ ಮೇಲೆಯೇ ಜನಕ್ಕೆ ನನ್ನ ನೆನಪು. ಆದರೂ ಗ್ಲೆನಿಸ್ ಹೋವರ್ತ್ ಬಾಗಿಲು ತಳ್ಳಿದ ರಭಸಕ್ಕೆ ಕಪಾಟಿನ ಬಲ್ಬುಗಳೇ ಕಿಣಿಗುಟ್ಟಿದವು. ಇಂಗ್ಲೆಂಡಿನ ನಮ್ಮ ಓಲ್ಡಮ್ ಊರಿನ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬಡಿಸುವಾಕೆ. ಇಡೀ ಶಾಲೆಯನ್ನು ಸೌಟು ತೋರಿಸಿ ಸುಮ್ಮನಾಗಿಸಬಲ್ಲಳು. ಗಂಡ ಟ್ರೆವರನನ್ನು ಮಾತ್ರ ಇಷ್ಟು ವರ್ಷವಾದರೂ ಸುಮ್ಮನಾಗಿಸಲು ಆಗಿಲ್ಲ.

ಆಕೆಯ ಜೀವವೆಲ್ಲ ನಡುಮನೆಯ ಮೀನಿನ ತೊಟ್ಟಿಯಲ್ಲಿ. ತಟ್ಟೆಯಂತೆ ದುಂಡಗಿನ, ಬೆಚ್ಚನೆಯ ನೀರಿಲ್ಲದೆ ಬದುಕದ ಮೀನುಗಳು. ಹಿಂದಿನ ಚಳಿಗಾಲದಲ್ಲಿ ಗಂಡಹೆಂಡತಿ ರಜೆಗೆಂದು ಬ್ಲ್ಯಾಕ್‌ಪೂಲಿಗೆ ಹೋಗಿದ್ದಾಗ ತೋಟದ ದೀಪದೊಳಗೆ ಮಳೆನೀರು ಇಳಿಯಿತು. ಕರೆಂಟು ಸೋರಿದರೆ ತಡೆಯಲು ಇಡೀ ಮನೆಗೆ ಇದ್ದದ್ದು ಒಂದೇ ಕಾವಲು, ಒಂದೇ ಬ್ರೇಕರ್. ಅದು ಬಿತ್ತು, ಮನೆಯೆಲ್ಲ ಆರಿತು, ತೊಟ್ಟಿ ತಣ್ಣಗಾಯಿತು. ಮರಳಿ ಬಂದಾಗ ಬದುಕಿದ್ದದ್ದು ಒಂದೇ ಜೋಡಿ.

"ಇವೂ ಹೋದ್ರೆ ಮುಗೀತು, ಇನ್ನು ಮೀನಿನ ಸಹವಾಸವೇ ಬೇಡ ನಂಗೆ. ಹೇಳಿ, ಯಾವ ಬ್ರೇಕರ್ ಪೆಟ್ಟಿಗೆ ಹಾಕಿಸ್ಲಿ?" ಎಂದಳು.

ಎರಡು ಬ್ರೇಕರ್ ಪೆಟ್ಟಿಗೆಗಳನ್ನು ಮುಂದಿಟ್ಟೆ. ಒಂದು ಅಗ್ಗದ್ದು: ಅರ್ಧ ಮನೆಗೊಂದು ಕಾವಲು, ಇನ್ನರ್ಧಕ್ಕೊಂದು. ಇನ್ನೊಂದು ದುಬಾರಿ: ತೋಟ, ತೊಟ್ಟಿ, ಮಹಡಿಯ ದೀಪ, ಕೆಳಗಿನ ದೀಪ, ಪ್ರತಿ ವೈರಿನ ಸಾಲಿಗೂ ಅದರದೇ ಕಾವಲು.

"ದುಬಾರಿಯದ್ರಲ್ಲಿ ನಂಗೂ ನಾಲ್ಕು ಕಾಸು ಜಾಸ್ತಿ ಸಿಗುತ್ತೆ. ಅದನ್ನ ನೆನಪಲ್ಲಿಟ್ಕೊಂಡೇ ನನ್ನ ಮಾತು ನಂಬಿ," ಎಂದೆ.

"ಅಗ್ಗದ್ದೇ ಸಾಕಲ್ವೇನೆ? ಮೀನಿಗೆ ಅರಮನೆ ಕಟ್ಟಿಸ್ತೀಯಾ?" ಎಂದು ಜೊತೆಗೆ ಬಂದಿದ್ದ ಟ್ರೆವರ್ ಹಿಂದಿನಿಂದ ಗೊಣಗಿದ.

ಆಕೆ ದುಬಾರಿಯದನ್ನೇ ಕೊಂಡಳು.

ಎಲೆಕ್ಟ್ರಿಷಿಯನ್ ಲಯನೆಲ್ ಬಂದು ಜೋಡಿಸಿದ. ನವೆಂಬರ್ ಆದ್ದರಿಂದ ನಾಲ್ಕಕ್ಕೇ ಕತ್ತಲು. ಗ್ಲೆನಿಸ್ ಮೆಟ್ಟಿಲ ಮೇಲಿನ ದೀಪ ಹಾಕಿದಳು. ಟಪ್ಪೆಂದು ಮಹಡಿಯ ದೀಪಗಳ ಬ್ರೇಕರ್ ಬಿತ್ತು. ಎತ್ತಿದಳು, ಮತ್ತೆ ಬಿತ್ತು. ಮರುದಿನ ನನ್ನ ಮೇಜಿನ ಮೇಲೆ ಅವಳ ಮುಷ್ಟಿ ಬಿತ್ತು.

"ಕೊಳೆತ ಸಾಮಾನು ಕೊಟ್ಟು ಮುಖ ನೋಡಿ ಬೇರೆ ನಗ್ತೀರಾ?"

ಬದಲಿ ಬ್ರೇಕರ್ ಕೊಟ್ಟೆ. ಲಯನೆಲ್ ಗೊಣಗುತ್ತ ಹಾಕಿದ. ಅದೂ ಬಿತ್ತು. ಮತ್ತೊಂದು ಕೊಟ್ಟೆ. ಅದೂ ಅಷ್ಟೆ. ನನ್ನ ಸಾಮಾನಿನ ಮಾನ ಬೀದಿಗೆ ಬಂದಿತ್ತು. ಅಂಗಡಿಗೆ ಬೀಗ ಹಾಕಿ ನಾನೇ ಹೋದೆ.

ಲಯನೆಲ್ ಮೆಟ್ಟಿಲ ಗೋಡೆಯ ಸ್ವಿಚ್ಚು ಬಿಚ್ಚಿ ಅಳೆಯುತ್ತಿದ್ದ. ಇದನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ಹೇಳಿದೆ, ಅವನಿಗೆ ಕೇಳಿಸಲಿಲ್ಲ.

"ಈ ದೀಪಕ್ಕೆ ಕರೆಂಟು ಮಹಡಿ ಸಾಲಿಂದ ಬರ್ತಿದೆ, ವಾಪಸ್ಸು ಮಾತ್ರ ಕೆಳಗಿನ ಸಾಲಲ್ಲಿ ಹೋಗ್ತಿದೆ. ಮಹಡಿ ಬ್ರೇಕರ್ ಹೋದಷ್ಟು ಬಂದಿಲ್ಲ ಅಂತ ನೋಡಿ ಬೀಳುತ್ತೆ. ಹಳೇದ್ರಲ್ಲಿ ಎರಡಕ್ಕೂ ಒಬ್ಬನೇ ಕಾವಲುಗಾರ, ಗೊತ್ತೇ ಆಗಿರ್ಲಿಲ್ಲ. ಗೋಡೆಯೊಳಗೆ ಹೊಸ ವೈರು ಎಳೀಬೇಕು. ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?" ಎಂದ ಲಯನೆಲ್.

ಟ್ರೆವರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಅದು ಕರಗಿ ಲೋಟದೊಳಗೆ ಬೀಳುವವರೆಗೂ ಎತ್ತಲಿಲ್ಲ.

"ಈ ದೀಪ ಹಾಕಿ ಒಂದು ವೈರು ಉಳೀತು ಅಂತ ಆಗ ಎಷ್ಟು ಬೀಗಿದ್ಯೋ ನೀನು!" ಎಂದಳು ಗ್ಲೆನಿಸ್ ಗಂಡನಿಗೆ.

"ಆ ಗೋಡೆಯ ಕಾಗದ ನಾನು ಅಂಟಿಸಿ ಇನ್ನೂ ಒಂದು ತಿಂಗಳೂ ಆಗಿಲ್ಲ. ಹೊಸ ವೈರಿಗೆ ಅಂತ ಹರಿಯೋಕೆ ಬಿಡಲ್ಲ. ಹಳೇ ಪೆಟ್ಟಿಗೆನೇ ಹಾಕ್ಸು, ದೀಪ ಉರಿಯುತ್ತೆ," ಎಂದ ಟ್ರೆವರ್.

"ಅಂದ್ರೆ ನಿನ್ನ ಗೋಡೆಗೋಸ್ಕರ ನನ್ನ ಮೀನು ಸಾಯ್ಲಿ."

ಗ್ಲೆನಿಸ್ ಸ್ಟೂಲು ಹತ್ತಿ ಮೆಟ್ಟಿಲ ದೀಪದ ಬಲ್ಬು ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು.

"ಬಲ್ಬಿಲ್ದಿದ್ರೆ ಬ್ರೇಕರೂ ಬೀಳಲ್ಲ. ಹೊಸ ಪೆಟ್ಟಿಗೆ ಇರುತ್ತೆ. ಕಾಗದ ಹರಿದ ದಿನ ಬಲ್ಬು ವಾಪಸ್ಸು."

ಒಂದು ಟಾರ್ಚು ಮಾರಿಕೊಂಡು ಬಂದೆ.

ಆಮೇಲೆ ಜಡಿಮಳೆ ಹಿಡಿಯಿತು. ಒಂದು ಬೆಳಿಗ್ಗೆ ಟ್ರೆವರ್ ಕುಂಟುತ್ತ ಅಂಗಡಿಗೆ ಬಂದ.

"ತೋಟದ ದೀಪದೊಳಗೆ ಮತ್ತೆ ನೀರು ಇಳೀತು," ಎಂದ.

"ಮೀನು?"

"ಅವಕ್ಕೇನು, ರಾಜರು! ಬೆಳಕಲ್ಲಿ ಬೆಚ್ಚಗೆ ಈಜ್ತಿದ್ವು. ತೋಟದ ಬ್ರೇಕರ್ ಒಂದೇ ಬಿದ್ದಿದ್ದು. ಅದನ್ನ ನೋಡೋಕೆ ಅಂತ ಇಳೀತಾ ಕತ್ತಲೆಯ ಮೆಟ್ಟಿಲಲ್ಲಿ ಕಾಲು ಉಳುಕಿಸ್ಕೊಂಡವನು ನಾನು." ಮೇಜಿಗೆ ಒರಗಿ ನಿಟ್ಟುಸಿರು ಬಿಟ್ಟ. "ಮೆಟ್ಟಿಲ ದೀಪಕ್ಕೆ ಹೊಸ ವೈರು ಕೊಡು ಮಾರಾಯ. ಗೋಡೆ ಕಾಗದ ಅಂಟಿಸೋ ಗೋಂದೂ ಇದ್ರೆ ಕೊಡು."

ಗೋಂದು ನಾನು ಮಾರುವುದಿಲ್ಲ. ಜೀವನದಲ್ಲಿ ಮೊದಲ ಸಲ ಅದಕ್ಕೆ ಬೇಸರವಾಯಿತು.