ಮಷಿನ್‌ದೋ, ಚಿಗವ್ವಂದೋ

ನನ್ನ ಕೆಲಸ ಏನಂತ ನಮ್ಮ ಬಳಗದಾಗ ಯಾರಿಗೂ ಇವತ್ತಿಗೂ ನೆಟ್ಟಗ ತಿಳಿದಿಲ್ಲ. ಡಾಕ್ಟರಲ್ಲ, ನರ್ಸಲ್ಲ, ರಿಪೇರಿ ಮಾಡಾಕೀನೂ ಅಲ್ಲ. ದವಾಖಾನಿಯ ಎಕ್ಸ್‌ರೇ ಮಷಿನ್ ಖರೇ ಚಿತ್ರ ತೋರಸ್ತೈತೋ ಇಲ್ಲೋ, ಬೇಕಾದದ್ದಕ್ಕಿಂತ ಜಾಸ್ತಿ ಕಿರಣ ಬಿಡತೈತೋ ಏನೋ ಅಂತ ಅಳದು ನೋಡಾಕಿ ನಾನು. ಮೆಡಿಕಲ್ ಫಿಸಿಸಿಸ್ಟ್ ಅಂತಾರ. ಬನಹಟ್ಟಿ ಚಿಗವ್ವ ಮಾತ್ರ "ನಮ್ಮ ಹುಡುಗಿ ಮಷಿನ್ ಡಾಕ್ಟರ್" ಅಂತ ಓಣಿ ತುಂಬ ಸಾರಿಬಿಟ್ಟಿದ್ಲು. ಆಕಿ ನಮ್ಮವ್ವನ ತಂಗಿ. ಅವ್ವ ತೀರಿದ ಮ್ಯಾಲ ನನ್ನ ಸಾಕಿದಾಕಿ. ಮನ್ಯಾಗ ಮಗ್ಗದ ಖಟಖಟಾ ಇಡೀ ದಿನ, ಹಿಂಗಾಗಿ ಒದರಿ ಮಾತಾಡಿ ರೂಢಿ. ಆಕಿ ಬೈದ್ರೂ, ಲಲ್ಲೆ ಮಾಡಿದ್ರೂ ಎರಡ ಮನಿ ಆಚೆ ಕೇಳ್ತಿತ್ತು.

ಎರಡು ಸಾವಿರದ ಹತ್ತು ದಾಟಿದ ಮ್ಯಾಲ ನಮ್ಮ ಕಡೆ ದವಾಖಾನಿಯವ್ರು ಹೆಣಮಕ್ಕಳ ಎದಿ ಪರೀಕ್ಷಾ ಮಾಡೂ ಮ್ಯಾಮೊಗ್ರಫಿಗೆ ಫಿಲ್ಮ್ ಬಿಟ್ಟು ಡಿಜಿಟಲ್ ಮಷಿನ್ ತರಾಕ ಸುರು ಮಾಡಿದ್ರು. ಫಿಲ್ಮ್ ಇದ್ದಾಗ ಕತ್ತಲ ಕೋಣ್ಯಾಗ ತೊಳದು ನೋಡಬೇಕಿತ್ತು. ಈಗ ಗುಂಡಿ ಒತ್ತಿದ ಗಳಿಗಿಗೆ ಚಿತ್ರ ಪರದೆ ಮ್ಯಾಲ. ಡಾಕ್ಟರಿಗೆ ಖುಷಿಯೋ ಖುಷಿ, ಅದರ ಜೋಡಿ ಅಂಜಿಕಿ. ಫಿಲ್ಮಿನ್ಯಾಗ ಕಾಣದ ಸಣ್ಣ ಸಣ್ಣ ಬಿಳಿ ಚುಕ್ಕಿ ಇದರಾಗ ಎದ್ದು ಕಾಣ್ತಿದ್ವು, ಒಮ್ಮೊಮ್ಮೆ ಅವ ಕ್ಯಾನ್ಸರಿನ ಮೊದಲ ಗುರುತು. "ಇದು ಮಷಿನ್‌ದೋ, ಪೇಶಂಟ್‌ದೋ ಹೇಳ್ರಿ" ಅಂತ ಫೋನ್ ಮ್ಯಾಲ ಫೋನ್. ಮುಧೋಳದಾಗ ಚಾ ಬಾಯಿಗಿಟ್ರ ಜಮಖಂಡಿ ಫೋನ್, ಜಮಖಂಡಿ ಬಸ್ ಹತ್ತಿದ್ರ ಮತ್ತ ಮುಧೋಳದ್ದು. ಕಬ್ಬಿನ ಸೀಜನ್ನಿನ್ಯಾಗ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಬಸ್ ತೆವಳಾಕತ್ತಿದ್ರ ನನ್ನ ಜೀವ ಕೊತಕೊತ ಕುದೀತಿತ್ತು. ಇಳದು ಓಡಿ ಹೋಗ್ಲಾ ಅನಸ್ತಿತ್ತು.

ಪತ್ತೆ ಹಚ್ಚೂ ರೀತಿ ಏನ ದೊಡ್ಡ ವಿದ್ಯಾ ಅಲ್ಲ. ಯಾರ ಚಿತ್ರ ತಗದ್ರೂ ಅದ ಜಾಗಾದಾಗ ಚುಕ್ಕಿ ಬಂದ್ರ ಮಷಿನ್ ತಪ್ಪು. ಒಬ್ಬಾಕಿ ಚಿತ್ರದಾಗಷ್ಟ ಬಂದು, ಆಕಿ ಸರದಂಗ ಅದೂ ಸರದ್ರ ಆಕೀದು. ಮುಧೋಳದಾಗ ಒಮ್ಮೆ ಪ್ಲೇಟಿಗೆ ಪೌಡರಿನ ಕಾಳು ಅಂಟಿ, ಬಂದವರೆಲ್ಲಾರ ಎದ್ಯಾಗೂ ಒಂದೊಂದು ಚುಕ್ಕಿ ಕಂಡಿತ್ತು. ಇನ್ನೊಮ್ಮೆ ಬೀಳಗಿ ತಾಲೂಕಿನ ಅನಗವಾಡಿ ಕಡಿಂದ ಬಂದ ಒಬ್ಬ ಆಯಿಯ ಚಿತ್ರದಾಗ ಚುಕ್ಕಿ ಚೆಲ್ಲಾಡಿದ್ವು. ನೋಡಿದ್ರ, ಪೂಜಿ ಮುಗಿಸಿ ಎದಿ ತುಂಬ ವಿಭೂತಿ ಬಡಕೊಂಡು ಬಂದಾಳ! ಒದ್ದಿ ಅರಿವೀಲೆ ಒರಸಿ ಮತ್ತ ತಗದ್ರ ಚೊಕ್ಕ. "ದೇವರ ಬೂದಿ ನಿಮ್ಮ ಮಷಿನ್ನಿಗೆ ರೋಗ ಕಂಡತೇನ?" ಅಂತ ಆಯಿ ಸಿಟ್ಟಿಗೆದ್ದಿದ್ಲು.

ಜಮಖಂಡಿಯ ಒಂದು ದವಾಖಾನ್ಯಾಗ ಹೊಸಾ ಮಷಿನ್ ಬಂದು ಕುಂತಿತ್ತು, ಹೆಣಮಕ್ಕಳು ಮಾತ್ರ ಹತ್ರ ಸುಳೀತಿರಲಿಲ್ಲ. ಐವತ್ತು ದಾಟಿದವ್ರು ತ್ರಾಸಿಲ್ಲದಿದ್ರೂ ಒಮ್ಮೆ ತೋರಿಸ್ಕೋಬೇಕು ಅಂತ ಅಲ್ಲಿಯ ಲೇಡಿ ಡಾಕ್ಟರ್ ಬಾಯಾರು ಬಡ್ಕೋತಿದ್ರು. ನಾನು ಚಿಗವ್ವಗ ಗಂಟು ಬಿದ್ದೆ.

"ನನಗೇನ ಧಾಡಿ ಆಗೇತಿ? ಕಲ್ಲಿದ್ದಂಗ ಅದೀನಿ."

"ಕಲ್ಲಿದ್ರ ಕಲ್ಲಂತ ಬರ್ತೈತಿ, ಬಾ ಬೇ ಸುಮ್ಮ."

ಬಂದ್ಲು. ಲಗ್ನಕ್ಕ ಹೊಂಟಾಕೀಗತೆ ಇಳಕಲ್ ಸೀರಿ ಉಟ್ಟು, ಬುತ್ತಿ ಕಟಗೊಂಡು ಬಂದ್ಲು. ಟೆಕ್ನಿಶಿಯನ್ ಹೆಣಮಗಳು ಒಳಗ ಕರಕೊಂಡು ಹೋಗಿ ಮಷಿನ್ ಮುಂದ ನಿಂದ್ರಿಸಿದ್ಲು. ಪ್ಲೇಟು ಇಳದು ಎದಿ ಒತ್ತೂದ ತಡ, ಚಿಗವ್ವನ ದನಿ ಹೊರಗಿನ ಗೇಟಿಗೆ ಕೇಳೂವಂಗ ಬಂತು: "ಅಯ್ಯಯ್ಯ, ರೊಟ್ಟಿ ಬಡದಂಗ ಬಡೀತಲ್ಲ ಯವ್ವಾ ನಿನ್ನ ಮಷಿನ್ನು!" ಡಾಕ್ಟರ್ ಬಾಯಾರು ಬಾಯಿಗೆ ಕೈ ಅಡ್ಡ ಇಟ್ಟು ನಕ್ರು. ನಾನೂ ನಕ್ಕೋತ ಪರದೆ ಕಡೆ ತಿರುಗಿದೆ.

ಎಡಗಡೆ ಎದಿ, ಮ್ಯಾಲಿನ ಮೂಲಿ. ರವಾ ಚೆಲ್ಲಿದಂಗ ಬಿಳಿ ಚುಕ್ಕಿ, ಒಂದ ಕಡೆ ಗುಂಪುಗೂಡಿ ಕುಂತಿದ್ವು.

"ವಿಭೂತಿ" ಅಂದೆ ನಾನು. ಯಾರೂ ಏನೂ ಕೇಳಿರಲಿಲ್ಲ. ಒದ್ದಿ ಅರಿವಿ ತಗೊಂಡು ಒಳಗ ಓಡಿದೆ. "ಇವತ್ತ ಹಚ್ಚಿಲ್ಲ, ನೀನ ಬ್ಯಾಡ ಅಂದಿದ್ದೆಲ್ಲ" ಅಂದ್ಲು ಚಿಗವ್ವ. ಹಂಗಂದ್ರೂ ಬಿಡದ ತಿಕ್ಕಿದೆ. "ಸಾಕ ಬಿಡ, ತೊಗಲ ಕಿತ್ತೀತು!" ಅಂತ ನನ್ನ ಕೈ ಸರಿಸಿದ್ಲು. ಮತ್ತ ತಗದ್ವಿ. ಚುಕ್ಕಿ ಇದ್ದಲ್ಲೇ ಇದ್ವು.

ಡಾಕ್ಟರ್ ಬಾಯಾರ ನಗಿ ಹೋಗಿತ್ತು. ನನ್ನ ಬಾಜೂಕ ಕರದು ಸಣ್ಣ ದನೀಲೆ ಹೇಳಿದ್ರು: "ನೋಡ್ರಿ, ಚಿತ್ರ ಓದೂದು ನನ್ನ ಕೆಲಸ. ಆದ್ರ ಮಷಿನ್ ಹೊಸಾದು, ನನಗಿನ್ನೂ ಪೂರಾ ನಂಬಿಕಿ ಕುಂತಿಲ್ಲ. ಇದು ಮಷಿನ್‌ದಲ್ಲ ಅಂತ ನೀವು ಹೇಳಿದ್ರ ಇವತ್ತ ಮೀರಜಿನ ದೊಡ್ಡ ದವಾಖಾನಿಗೆ ಬರದು ಕೊಡ್ತೀನಿ. ಮಷಿನ್‌ದಂದ್ರ, ಸರಿ ಆಗೂ ತನಕ ಕಾಯೂಣು."

ಚಿಗವ್ವನ್ನ ಹೊರಗ ಬೆಂಚಿನ ಮ್ಯಾಲ ಕುಂದ್ರಿಸಿ, ಮಷಿನ್ ಒಂದೀಟು ನೋಡಬೇಕಾಗೇತಿ ಅಂತ ಹೇಳಿ, ಒಳಗ ಹೋಗಿ ಬಾಗಿಲಾ ಹಾಕೊಂಡೆ.

ಪ್ಲೇಟು ಒರಸಿದೆ, ಅದರ ತಳದ ಹೊದಿಕಿ ಒರಸಿದೆ, ಬೆರಳಿಗೆ ಏನರ ಹತ್ತೀತು ಅಂತ ಅಂಚು ಅಂಚು ಸವರಿದೆ. ನಮ್ಮ ಹತ್ರ ಒಂದು ಪ್ಲಾಸ್ಟಿಕ್ ಗಟ್ಟಿ ಇರತೈತಿ, ಎದಿಯಷ್ಟ ದಪ್ಪ. ಒಳಗ ಮೇಣದಾಗ ಸಣ್ಣ ಎಳಿ, ಚುಕ್ಕಿ, ಗಂಟು ಹುದುಗಿಸಿ ಇಟ್ಟಿರ್ತಾರ. ಅವು ಕಂಡ್ರ ಮಷಿನ್ ಕಣ್ಣು ಛಲೋ ಐತಿ ಅಂತ ಅರ್ಥ. ಅದನ್ನಿಟ್ಟು ತಗದೆ. ಎಲ್ಲಾ ಕಂಡ್ವು, ಹೆಚ್ಚಿನ ಒಂದೂ ಚುಕ್ಕಿ ಇಲ್ಲ. ಒಳಗ ಏನೂ ಇಲ್ಲದ ಖಾಲಿ ಗಟ್ಟಿ ಇಟ್ಟು ತಗದೆ. ಚೊಕ್ಕ. ಎಡಕ್ಕ ಸರಿಸಿ, ಬಲಕ್ಕ ಸರಿಸಿ, ತಿರುವಿ ಹಾಕಿ ತಗದೆ. ಸೆಕಿ ಆದ್ರ ಈ ಮಷಿನ್ ದಾರಿ ತಪ್ಪತಾವು, ಆದ್ರ ಕೋಣಿ ತಣ್ಣಗ ಕೊರಿಯಾಕತ್ತಿತ್ತು. ದಿನಾ ಕುಣಿಯೂ ಕರೆಂಟ್ ಅವತ್ತ ಏನ ಸಂಭಾವಿತ ಅಂತೀರಿ! ಮೀಟರಿನ ಮುಳ್ಳು ಅಲುಗಾಡಲಿಲ್ಲ.

ನನಗ ತಲಿ ಕೆಟ್ಟಿತು. "ನಿನ ಮನಿ ಹಾಳಾಗ್ಲಿ, ಇವತ್ತೊಂದ ದಿನಾ ಕೆಡಬಾರ್ದಾ?" ಅಂತ ಮಷಿನ್ನಿಗೆ ಬೈದೆ. ಇಷ್ಟ ವರ್ಷ ಮಷಿನ್ ಸರಿ ಇರ್ಲಪ್ಪಾ ಅಂತ ಬೇಡಿಕೊಂಡಾಕಿ, ಅವತ್ತ ಕೆಟ್ಟಿರ್ಲಿ ಅಂತ ಮನಿದೇವ್ರಿಗೆ ಹರಕಿ ಹೊತ್ತೆ. ಮಾಡಿದ್ದನ್ನ ಮತ್ತ ಮಾಡಿದೆ. ಹೊರಗ ಬಂದೆ, ಒಳಗ ಹೋದೆ, ಮತ್ತ ಹೊರಗ ಬಂದೆ.

"ಇನ್ನೂ ಎಷ್ಟೊತ್ತ? ಬನಹಟ್ಟಿ ಬಸ್ ಒಂದೊಂದ ಹೊಂಟಾವು ನೋಡು" ಅಂದ್ಲು ಚಿಗವ್ವ. ಬುತ್ತಿ ಬಿಚ್ಚಿ ರೊಟ್ಟಿ ಮುರಿಯಾಕತ್ತಿದ್ಲು. "ನನ್ನ ದೃಷ್ಟಿ ತಾಕೇತಿ ನಿನ್ನ ಮಷಿನ್ನಿಗೆ. ಬಾ, ಒಂದ ತುತ್ತ ತಿಂದು ಹೋಗು."

ಆಮ್ಯಾಲ ತಿಂತೀನಿ ಅಂತ ಹೇಳಿ ಮತ್ತ ಒಳಗ ಹೋದೆ.

ಒಂದ ಮಾತು ಸಾಕಿತ್ತು. ಕಂಪನಿ ಎಂಜಿನಿಯರ್ ಬಂದು ನೋಡಬೇಕಾಗತೈತಿ, ಬರೂ ತಿಂಗಳ ಮತ್ತ ತಗಿಯೂಣು ಅಂದ್ರ ಡಾಕ್ಟರ್ ಬಾಯಾರು ಹೂಂ ಅಂತಿದ್ರು. ಚಿಗವ್ವ ಸಂಜಿಕ ಮನಿ ಮುಟ್ಟಿ, ಇಡೀ ಓಣಿ ಕೂಡಿಸಿ ರೊಟ್ಟಿ ಬಡದ ಕಥಿ ಹೇಳಿ ನಗಸ್ತಿದ್ಲು. ಒಂದ ತಿಂಗಳ ನಾವು ಎಲ್ಲಾರೂ ನೆಮ್ಮದೀಲೆ ಇರ್ತಿದ್ವಿ. ಖರೇ ಹೇಳ್ತೀನಿ, ಆ ಮಾತು ನಾಲಿಗಿ ತುದಿಗೆ ಬಂದು ನಿಂತಿತ್ತು. ಆ ಒಂದ ತಿಂಗಳ ಎಷ್ಟ ತುಟ್ಟಿ ಆಗ್ತಿತ್ತು ಅಂತ ಮೀರಜಿನ ಡಾಕ್ಟರು ಆಮ್ಯಾಲ ಬಿಡಿಸಿ ಹೇಳಿದ್ರು. ಆದ್ರ ಅವತ್ತ ನನ್ನ ಮುಂದ ಇದ್ದದ್ದು ಆ ಚುಕ್ಕಿ, ಮತ್ತ ಹೊರಗ ರೊಟ್ಟಿ ತಿನ್ನಾಕತ್ತಿದ್ದ ಚಿಗವ್ವ, ಇಷ್ಟ.

"ಮಷಿನ್‌ದಲ್ರಿ" ಅಂದೆ ಡಾಕ್ಟರ್ ಬಾಯಾರಿಗೆ. ಅವರು ನನ್ನ ಹೆಗಲ ಮ್ಯಾಲ ಕೈ ಇಟ್ಟು, ತಾವ ಹೇಳ್ತೀನಿ ಅಂದ್ರು. ಬ್ಯಾಡ್ರಿ, ನಾನ ಹೇಳ್ತೀನಿ ಅಂದೆ.

ಚಿಗವ್ವ ಕೈ ತೊಳಕೊಂಡು ಸೆರಗೀಲೆ ಒರಸಾಕತ್ತಿದ್ಲು. "ಏನಾತು? ಕೆಟ್ಟೇತೇನ ಮಷಿನ್ನು?"

"ಇಲ್ಲ ಚಿಗವ್ವ. ಛಲೋ ಐತಿ."

ಆಕಿ ನನ್ನ ಮಾರಿ ನೋಡಿದ್ಲು. ಮಗ್ಗ ನೆಟ್ಟಗಿದ್ದೂ ಸೀರಿ ಕೆಟ್ಟು ಬಂತಂದ್ರ ಕೇಡು ನೂಲಿನ್ಯಾಗ ಅಂತ ಆಕಿಗೆ ಯಾರೂ ಬಿಡಿಸಿ ಹೇಳೂದು ಬೇಕಾಗಿರಲಿಲ್ಲ.

"ಹಂಗಾರ ನಂದ ಅನ್ನು" ಅಂದ್ಲು.

ಮೀರಜಿನ್ಯಾಗ ಸೂಜಿ ಹಾಕಿ ನೋಡ್ತಾರ, ಅಲ್ಲೀತನಕ ಏನೂ ಹೇಳಾಕ ಬರಂಗಿಲ್ಲ, ಭಾಳ ಸಣ್ಣದೈತಿ, ನಾನೂ ಜೋಡಿ ಬರ್ತೀನಿ ಅಂತ ಏನೇನೋ ಬಡಬಡಿಸಿದೆ. ಆಕಿ ನನ್ನ ಮುಂಗೈ ಹಿಡಕೊಂಡ್ಲು.

"ತಡಿ. ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ. ನಿನಗ ಈ ಕೆಲಸ ಖರೇನ ಬರ್ತೈತೇನು? ಎಲ್ಲೆರ ತಪ್ಪಿರಬಹುದಲ್ಲ ಯವ್ವಾ?"

ನಾ ದಡ್ಡಿ ಆಗಿರ್ಲಿ ಅಂತ ಆಸೆಪಟ್ಟು ನನ್ನ ಕಣ್ಣಾಗ ನೋಡಾಕತ್ತಿದ್ಲು. ನನಗೂ ಅದ ಬೇಕಾಗಿತ್ತು.

"ಬರ್ತೈತಿ ಚಿಗವ್ವ" ಅಂದೆ. "ಛಲೋ ಬರ್ತೈತಿ."