ಹೋಲ್ಡಾನ್ ಅಂದವನ ಅಮ್ಮ

ಇದನ್ನು ನನ್ನ ಸೊಸೆ ಓದಿಯೇ ಓದುತ್ತಾಳೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ನನಗೆ ಹೇಳಿಕೊಟ್ಟವಳೇ ಅವಳು. ಒಂದೇ ಬೆರಳಿನಲ್ಲಿ ಬರೆಯುವವಳಿಗೆ ಸುಳ್ಳು ಸೇರಿಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಾಗಾಗಿ ಎರಡು ವರ್ಷದಿಂದ ಮುಚ್ಚಿಟ್ಟಿದ್ದನ್ನು ಒಪ್ಪಿಕೊಂಡುಬಿಡುತ್ತೇನೆ. ಆವತ್ತು ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಬಿಟ್ಟು ಬಸ್ಸು ಹೊರಟಿತಲ್ಲ, ಅದಕ್ಕೆ ಕಾರಣ ನನ್ನ ಮೊಮ್ಮಗ ಅಲ್ಲ. ನಾನು.

ನಮ್ಮ ಮನೆ ಇರುವುದು ಬೈರಕೂರಿನ ಹತ್ತಿರ. ಮಗ ಟೊಮೇಟೊ, ಬೀನ್ಸ್ ಬೆಳೆಯುತ್ತಾನೆ. ಸೊಸೆ ಮಾಸ್ತಿ ಕಡೆಯ ಹೆಣ್ಣು. ಮೊಮ್ಮಗ ಎರಡೂವರೆ ವರ್ಷಕ್ಕೇ ಇಡೀ ಮನೆಯ ಯಜಮಾನನಾಗಿದ್ದ. ಕರು ಕಟ್ಟಿದ ಹಗ್ಗದ ಕುಣಿಕೆ ಎಳೆದು ಬಿಡುವುದು, ಅದು ಹೋಗಿ ತಾಯಿಯ ಹಾಲನ್ನೆಲ್ಲ ಕುಡಿಯುವುದನ್ನು ಕುಕ್ಕರಗಾಲಲ್ಲಿ ಕೂತು ನೋಡುವುದು ಅವನ ಬೆಳಗಿನ ಕೆಲಸ. ಆಮೇಲೆ ಬಾಗಿಲ ಹತ್ತಿರ ಬಿಟ್ಟ ಚಪ್ಪಲಿಗಳಲ್ಲಿ ಜೋಡಿಗೊಂದನ್ನು ಆರಿಸಿ ಕಲಗಚ್ಚಿನ ತೊಟ್ಟಿಗೆ ಹಾಕುತ್ತಿದ್ದ. ಎರಡನ್ನೂ ಹಾಕಿದ್ದರೆ ನಮಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂದು ಸಲ ಅವರಪ್ಪನ ಫೋನನ್ನು ರಾಗಿ ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದ. ಟೊಮೇಟೊ ಮಂಡಿಯವರು ಫೋನ್ ಮಾಡಿದಾಗಲೆಲ್ಲ ಡಬ್ಬ ಗುಂಯ್ಗುಡುತ್ತಿತ್ತು. ಹಿಟ್ಟಿಗೆ ದುಂಬಿ ಬಿದ್ದಿದೆ ಎಂದು ನಾನು ಅದನ್ನು ಬಿಸಿಲಿಗೆ ಒಯ್ದು ಇಟ್ಟೆ.

ಅವನಿಗೆ ಊಟ ಮಾಡಿಸುವುದೆಂದರೆ ಸೊಸೆಗೆ ಊರು ಸುತ್ತಿದಷ್ಟು ನಡಿಗೆ. ತುಳಸಿ ಕಟ್ಟೆ ಹತ್ತಿರ ಒಂದು ತುತ್ತು, ಟ್ರ್ಯಾಕ್ಟರ್ ಚಕ್ರದ ಮೇಲೆ ಒಂದು, ಕೊಟ್ಟಿಗೆಯಲ್ಲಿ ಒಂದು. ಮಧ್ಯೆ ಒಂದು ತುತ್ತು ನಾಯಿಗೆ. ಮಧ್ಯಾಹ್ನ ಅವನು ಮಲಗಿದರೆ ಅವಳೂ ಪಕ್ಕದಲ್ಲಿ ಬಿದ್ದುಕೊಳ್ಳಬಹುದಿತ್ತು. ಆದರೆ ಅವಳು ಮಲಗುತ್ತಿರಲಿಲ್ಲ, ಕೂತು ಅವನನ್ನೇ ನೋಡುತ್ತಿದ್ದಳು.

"ಎದ್ದಿದ್ರೆ ಯಾವಾಗ ಮಲಗ್ತಾನೋ ಅನ್ಸುತ್ತೆ, ಮಲಗಿ ಹತ್ ನಿಮಿಷ ಆದ್ರೆ ಎಬ್ಬಿಸ್ಬಿಡೋಣ ಅನ್ಸುತ್ತೆ. ನಂಗೇನಾಗಿದೆ ಅತ್ತೆ?"

"ಮಗ ಆಗಿದ್ದಾನೆ ಕಣೇ, ಅಷ್ಟೇ. ಬೇರೆ ಏನೂ ಕಾಯಿಲೆ ಇಲ್ಲ."

ಇಷ್ಟೆಲ್ಲ ಮಾಡುವವನು ಒಂದೇ ಒಂದು ಕೆಲಸ ಮಾಡುತ್ತಿರಲಿಲ್ಲ. ಮಾತು. ನಗು, ಕಿರುಚಾಟ, ಬೆರಳು ತೋರಿಸುವುದು ಎಲ್ಲ ಇತ್ತು. ಬೇಕಾದ್ದಕ್ಕೆ "ಊಂ", ಬೇಡವಾದ್ದಕ್ಕೆ "ಊಂಹೂಂ". ಅದರ ಆಚೆಗೆ ಒಂದಕ್ಷರ ಇಲ್ಲ. ಕೋಲಾರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರಮ್ಮ ಕಿವಿ ನೋಡಿದರು, ಬಾಯಿ ನೋಡಿದರು, ಅವನು ಅವರ ಮೇಜಿನ ಡ್ರಾಯರ್ ಎಳೆದು ಸ್ಟ್ಯಾಂಪು ತೆಗೆದು ತನ್ನ ಹಣೆಗೆ ಒತ್ತಿಕೊಂಡಿದ್ದನ್ನೂ ನೋಡಿದರು. "ಬುದ್ಧಿಗೇನೂ ಕಮ್ಮಿ ಇಲ್ಲ. ಮಾತಾಡಿಸ್ತಾ ಇರಿ, ಬರುತ್ತೆ" ಅಂದರು. ಪಕ್ಕದ ಮನೆಯವಳ ಲೆಕ್ಕ ಬೇರೆ. "ನೀವು ತೆಲುಗು ಆಡ್ತೀರ, ಅವರಮ್ಮ ಕನ್ನಡ ಆಡ್ತಾಳೆ, ಟೀವಿ ಇನ್ನೇನೋ ಆಡುತ್ತೆ. ಯಾವ್ದು ಹಿಡ್ಕೊಳ್ಳೋದು ಅಂತ ಮಗು ಕಾಯ್ತಾ ಐತೆ" ಅಂದಳು. ನಾನು ಬಜೆ ತೇದು ನಾಲಿಗೆಗೆ ಹಚ್ಚಿದೆ. ಅದನ್ನು ಅವನು ನನ್ನ ಸೀರೆಗೆ ಒರೆಸಿದ.

ಸೊಸೆಗೆ ಬೇರೆ ಯಾವ ಮಾತೂ ಬೇಕಿರಲಿಲ್ಲ. ಒಂದು ಸಲ "ಅಮ್ಮ" ಅಂದರೆ ಸಾಕಿತ್ತು. ಬಟ್ಟೆ ಒಗೆಯುವಾಗ, ಸೊಪ್ಪು ಬಿಡಿಸುವಾಗ ತನ್ನ ಎದೆ ಮುಟ್ಟಿ ತೋರಿಸಿ "ಅಮ್ಮ ಅನ್ನು ಕಂದ, ಅ...ಮ್ಮ" ಅನ್ನುತ್ತಿದ್ದಳು. ಅವನು ಅವಳ ಬಾಯೊಳಗೆ ಬೆರಳಿಟ್ಟು ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದ. ಮಾಸ್ತಿಯಿಂದ ಅವರಮ್ಮ ದಿನಾ ವಿಡಿಯೋ ಕಾಲ್ ಮಾಡಿ "ಏನಾದ್ರೂ ಅಂದನಾ?" ಎಂದು ಕೇಳುತ್ತಿದ್ದರು. ಒಂದು ದಿನ ಆ ಫೋನಿನ ಹಿಂದಿನಿಂದ ಯಾರದೋ ದನಿ, "ಮೂಗ ಏನಮ್ಮ ಮಗು?" ಅಂದಿತು. ಸೊಸೆ ಫೋನಿಟ್ಟು ಒಲೆ ಹತ್ತಿರ ಹೋಗಿ ಸುಮ್ಮನೆ ಪಾತ್ರೆ ಜೋಡಿಸತೊಡಗಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಇಲ್ಲಿ ನನ್ನ ಇನ್ನೊಂದು ಪಾಪವನ್ನೂ ಹೇಳಬೇಕು. ಅವಳು ಅತ್ತ ಹೋದ ಕೂಡಲೇ ನಾನು ಮಗುವಿಗೆ "ಅಜ್ಜಿ ಅನ್ನು, ಅಜ್ಜಿ" ಎಂದು ಕದ್ದು ಪಾಠ ಮಾಡುತ್ತಿದ್ದೆ. ನನ್ನ ಮಗ ಚಿಕ್ಕವನಿದ್ದಾಗ ಮೊದಲು ಅಂದಿದ್ದು "ಅಜ್ಜಿ" ಅಂತ. ನಮ್ಮತ್ತೆ ಅದನ್ನು ಊರಿಗೆಲ್ಲ ಸಾರಿಕೊಂಡು ಬಂದರು. ನಾನು ಒಲೆ ಮುಂದೆ ಕೂತು ಹೊಗೆ ಅಂತ ಹೇಳಿ ಕಣ್ಣೊರೆಸಿಕೊಂಡಿದ್ದೆ. ಅಷ್ಟು ನೋವು ತಿಂದವಳು ಸೊಸೆಗೆ ಹಾಗೆ ಮಾಡಬಾರದಿತ್ತು. ಆದರೆ ಅಷ್ಟು ವರ್ಷ ಕಾದ ಮೇಲೆ ನನ್ನ ಸರದಿ ಬಂದಿದೆ ಅನ್ನಿಸಿಬಿಟ್ಟಿತು.

ಮಗು ಯಾವ ಪಾಠವನ್ನೂ ಕಲಿಯಲಿಲ್ಲ. ಅವನಿಗೆ ಬೇಕಾಗಿದ್ದು ಬಸ್ಸು. ಮುಳಬಾಗಿಲಿಗೆ ಹೋಗುವ ಬಸ್ಸು ನಮ್ಮ ಮನೆಯ ಎದುರಿನ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಕಂಡಕ್ಟರ್ ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್ ರೈಟ್" ಅನ್ನುತ್ತಲೂ ಅಷ್ಟು ದೊಡ್ಡ ಬಸ್ಸು ಹೊರಡುವುದನ್ನು ಅವನು ಗೇಟು ಹಿಡಿದು ನೋಡುತ್ತಿದ್ದ. ಸೊಸೆ ಅಡುಗೆ ಮಾಡುವಾಗ ಅವನನ್ನು ಹಿಡಿದಿಡಲು ನಾನು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿ ಬಸ್ ಆಟ ಶುರುಮಾಡಿದೆ. ನಾನು ಡ್ರೈವರ್, ಅವನು ಕಂಡಕ್ಟರ್. ಅವನು ಮಾತಾಡದ ಕಂಡಕ್ಟರಾದ್ದರಿಂದ ಕೂಗುವ ಕೆಲಸವೂ ನನ್ನದೇ. ಮೂಗಿನಲ್ಲಿ ಎಳೆದು "ರೈಟ್ ರೈಟ್" ಎಂದು ಹೊರಡಿಸಿ, "ಹೋಲ್ಡಾನ್" ಎಂದು ನಿಲ್ಲಿಸುತ್ತಿದ್ದೆ. ನಾಲ್ಕು ದಿನದಲ್ಲಿ ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅಂಗಳದಲ್ಲಿದ್ದ ನನ್ನ ಮಗ ಬಸ್ಸು ಬಂತೆಂದು ಚೀಲ ಎತ್ತಿಕೊಂಡು ಓಡಿದ್ದ.

ಒಂದು ಮಧ್ಯಾಹ್ನ ಮಗು ಕುರ್ಚಿಗೆ ಎರಡು ಏಟು ಹಾಕಿ ಸ್ಪಷ್ಟವಾಗಿ "ಯೈಟ್ ಯೈಟ್" ಅಂದ.

ಸೊಸೆ ಸೌಟು ಹಿಡಿದೇ ಓಡಿಬಂದಳು. "ಏನಂದ? ಅತ್ತೆ, ಏನೋ ಅಂದನಲ್ಲ!"

"ಯೈಟ್ ಯೈಟ್" ಎಂದು ಅವನೇ ಹೇಳಿದ.

ಅವಳು ನಕ್ಕಳು. ನಗುತ್ತಾ ಅವನನ್ನು ಎತ್ತಿಕೊಂಡು ಮುದ್ದಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀವೇ ಅಲ್ವಾ ಅತ್ತೆ ಹೇಳ್ಕೊಟ್ಟಿದ್ದು?"

"ನಾನಾ? ದೇವ್ರಾಣೆ ಇಲ್ಲ ಕಣಮ್ಮ. ರೋಡಲ್ಲಿ ಕೇಳಿ ಕಲ್ತಿದ್ದಾನೆ."

ಆ ಆಣೆಗಾಗಿ ಮಾರನೇ ದಿನ ದೇವಸ್ಥಾನದಲ್ಲಿ ಒಂದು ತೆಂಗಿನಕಾಯಿ ಒಡೆಸಿದೆ. ಅವಳು ಸೌಟು ಹಿಡಿದು ಒಳಗೆ ಹೋಗುವಾಗ ಮೆಲ್ಲಗೆ "ನನ್ನ ಬಿಟ್ಟು ಬಸ್ಸನ್ನ ಕರೆದ ನೋಡಿ" ಅಂದಿದ್ದು ನನಗೆ ಕೇಳಿಸಿತ್ತು.

ಅದೇ ತಿಂಗಳು ಮಾಸ್ತಿಯಲ್ಲಿ ಅವಳ ಅಣ್ಣನ ಮಗುವಿಗೆ ನಾಮಕರಣ. ನನ್ನ ಮಗ ಟೊಮೇಟೊ ಕೊಯ್ಲು ಬಿಟ್ಟು ಬರುವ ಹಾಗಿರಲಿಲ್ಲ. ನಾವು ಮೂವರೇ ಹೊರಟೆವು. ಬೈರಕೂರಿನಿಂದ ಮುಳಬಾಗಿಲು, ಅಲ್ಲಿಂದ ಕೋಲಾರ, ಕೋಲಾರದಿಂದ ಮಾಲೂರು. ದಾರಿಯುದ್ದಕ್ಕೂ ಅವಳದು ಒಂದೇ ಜಪ. "ಇವತ್ತೊಂದಿನ ಅಮ್ಮ ಅಂದ್ಬಿಡೋ ಚಿನ್ನ. ಎಲ್ಲಾರೂ ಬಂದಿರ್ತಾರೆ. ಎಲ್ಲಾರ್ ಮುಂದೆ ಒಂದ್ಸಲ ಅನ್ನು, ಸಾಕು." ಅವನು ಪ್ರತಿ ಸ್ಟಾಪಿನಲ್ಲೂ ಸೀಟಿನ ಕಂಬಿಗೆ ಬಡಿದು "ಯೈಟ್ ಯೈಟ್" ಅನ್ನುತ್ತಿದ್ದ. ಜನ ನಗುತ್ತಿದ್ದರು. ಅವಳು ನಗಲಿಲ್ಲ.

ಮಾಲೂರಿನಲ್ಲಿ ಮಾಸ್ತಿ ಬಸ್ಸು ಹತ್ತಿ ಕೂತೆವು. ಡ್ರೈವರ್ ಸೀಟಿನಲ್ಲಿ ಕೂತು ಟೀ ಮುಗಿಸುತ್ತಿದ್ದ. ಕಂಡಕ್ಟರ್ ಹಿಂದಿನ ಸೀಟಿನ ಹತ್ತಿರ ರಾಗಿ ಮೂಟೆಯ ಬಗ್ಗೆ ಯಾರೊಂದಿಗೋ ವಾದಕ್ಕೆ ಬಿದ್ದಿದ್ದ. ಸೊಸೆಗೆ ಆಗ ನೆನಪಾಯಿತು, ತವರಿಗೆ ಬರಿಗೈಯಲ್ಲಿ ಹೋಗುತ್ತಿದ್ದೇವೆ ಎಂದು.

"ಅತ್ತೆ, ಹೂವು ಬಾಳೆಹಣ್ಣು ತಂದ್ಬಿಡ್ತೀನಿ. ಇವನ್ನ ಬಿಡ್ಬೇಡಿ."

"ಹೋಗಮ್ಮ, ನಾನಿಲ್ವಾ?"

ಅವಳು ಇಳಿದಳು. ಮಗುವಿನ ಮುಖ ಚಿಕ್ಕದಾಯಿತು. ಕೆಳತುಟಿ ಮುಂದೆ ಬಂತು. ಇನ್ನೊಂದು ಕ್ಷಣಕ್ಕೆ ಇಡೀ ಬಸ್ ಸ್ಟ್ಯಾಂಡ್ ಎದ್ದು ನಿಲ್ಲುವ ಹಾಗೆ ಅಳುತ್ತಾನೆ ಎಂದು ನನಗೆ ಗೊತ್ತಿತ್ತು. ನಾನು ಯೋಚಿಸಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ತಗಡಿಗೆ ಎರಡು ಸಲ ಬಡಿದು, ಜಗಲಿಯಲ್ಲಿ ಅನ್ನುವ ಹಾಗೇ ಮೂಗಿನಲ್ಲಿ ಎಳೆದು "ರೈಟ್ ರೈಟ್" ಅಂದೆ.

ಮಗು ನಕ್ಕಿತು. ಬಸ್ಸು ಹೊರಟಿತು.

ಕಂಡಕ್ಟರ್ ಹೇಳಿದನೆಂದು ಡ್ರೈವರ್ ಅಂದುಕೊಂಡನಂತೆ. ಡ್ರೈವರಿಗೆ ಅವಸರವೆಂದು ಕಂಡಕ್ಟರ್ ಅಂದುಕೊಂಡನಂತೆ. ಬಸ್ಸು ಸ್ಟ್ಯಾಂಡಿನಿಂದ ರೋಡಿಗೆ ತಿರುಗುವಾಗ ಕಿಟಕಿಯಲ್ಲಿ ನೋಡುತ್ತೇನೆ, ಒಂದು ಕೈಯಲ್ಲಿ ಹೂವಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ನಾಮಕರಣದ ರೇಷ್ಮೆ ಸೀರೆಯ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸೊಸೆ ಓಡಿಬರುತ್ತಿದ್ದಾಳೆ. ಅವಳ ಕಣ್ಣು ಬಸ್ಸಿನ ಮೇಲಿರಲಿಲ್ಲ. ಕಿಟಕಿಯಲ್ಲಿದ್ದ ಮಗನ ಮುಖದ ಮೇಲಿತ್ತು.

ದಿನಕ್ಕೆ ನೂರು ಸಲ ಹೋಲ್ಡಾನ್ ಅಂದವಳು ನಾನು. ಆಗ "ಅಯ್ಯೋ, ಅಯ್ಯೋ" ಎನ್ನುವುದು ಬಿಟ್ಟು ಬೇರೆ ಒಂದು ಮಾತೂ ಬರಲಿಲ್ಲ.

ಮಗು ನನ್ನ ತೊಡೆಯ ಮೇಲೆ ಎದ್ದು ನಿಂತಿತು. ಅಮ್ಮನನ್ನು ನೋಡಿತು. ಡ್ರೈವರನ ಬೆನ್ನು ನೋಡಿತು. ಕಿವಿ ತೂತಾಗುವ ಹಾಗೆ ಕೂಗಿತು:

"ಓಲ್ಡಾನ್!"

ಬ್ರೇಕ್ ಬಿದ್ದ ರಭಸಕ್ಕೆ ಮುಂದಿನ ಸೀಟಿನ ಕಂಬಿಗೆ ನನ್ನ ಹಣೆ ತಗುಲಿತು. ತಗುಲಲಿ ಅಂದುಕೊಂಡೆ.

ಕಂಡಕ್ಟರ್ ಮುಂದಕ್ಕೆ ಬಂದ. "ಯಾರ್ರೀ ಹೋಲ್ಡಾನ್ ಅಂದಿದ್ದು?"

ಬಸ್ಸಿನವರೆಲ್ಲ ಮಗುವನ್ನು ತೋರಿಸಿದರು.

"ಹಂಗಾದ್ರೆ ರೈಟ್ ಅಂದಿದ್ದು ಯಾರು?"

ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಮಗುವಿಗೆ ಎದುರು ಹೇಳಲು ಮಾತು ಬರುತ್ತಿರಲಿಲ್ಲ. "ಅದೂ ಇವನೇ ಕಣಪ್ಪ" ಅಂದೆ. ಎರಡೂವರೆ ವರ್ಷದ ಮಗುವಿನ ಮೇಲೆ ಹಾಕಿಬಿಟ್ಟೆ.

"ಟಿಕೆಟ್ ತಗೊಂಡ್ರಾ ಅಜ್ಜಿ? ಆಧಾರ್ ತೋರ್ಸಿ."

"ಅದು ಸೊಸೆ ಪರ್ಸಲ್ಲೈತೆ. ಅಲ್ಲಿ ಓಡಿ ಬರ್ತಾ ಅವ್ಳೆ ನೋಡು."

ಸೊಸೆ ಹತ್ತಿದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಚಿಪ್ಪಿನಿಂದ ಎರಡು ಹಣ್ಣು ಉದುರಿಹೋಗಿದ್ದವು. ಮಗು ಅವಳ ಕೊರಳಿಗೆ ಜೋತುಬಿದ್ದು, ಅವಳು ಪೂರ್ತಿ ಒಳಗೆ ಬಂದಿದ್ದಾಳಾ ಎಂದು ಬಗ್ಗಿ ಕಾಲು ನೋಡಿ, ಆಮೇಲೆ ಡ್ರೈವರಿಗೆ ಅಪ್ಪಣೆ ಕೊಟ್ಟಿತು. "ಯೈಟ್ ಯೈಟ್."

ಇಡೀ ಬಸ್ಸು ನಕ್ಕಿತು. ಪಕ್ಕದ ಸೀಟಿನಲ್ಲಿದ್ದ ಬುರ್ಖಾದ ಹೆಂಗಸು "ಅರೇ ಸಾಬ್, ಈ ಬಚ್ಚಾಗೆ ಟಿಕೆಟ್ ಕೇಳ್ಬೇಡಿ, ಸಂಬಳ ಕೊಡಿ" ಅಂದಳು. ಸೊಸೆಯೂ ನಕ್ಕಳು. ಮನೆ ಬಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮಾಸ್ತಿಯಲ್ಲಿ ಅವಳು ಹೆದರಿದ್ದ ಹಾಗೇ ಆಯಿತು. ಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ನೆಂಟರು ಸುತ್ತಿಕೊಂಡರು. ಅವಳ ದೊಡ್ಡಮ್ಮ, ಆವತ್ತು ಫೋನಿನ ಹಿಂದಿನಿಂದ ಮೂಗ ಎಂದ ದನಿ ಇವರದೇ ಎಂದು ಬಾಯಿ ತೆರೆದ ಕೂಡಲೇ ನನಗೆ ತಿಳಿಯಿತು, ಮಗುವಿನ ಗಲ್ಲ ಹಿಡಿದು ಸೊಸೆಯನ್ನು ತೋರಿಸಿ, "ಏನ್ಲಾ ಮರಿ, ಇವಳು ಯಾರು ಹೇಳು ನೋಡೋಣ?" ಅಂದರು.

ಸೊಸೆ ಅವನ ಬಾಯನ್ನೇ ನೋಡಿದಳು. ನಾನೂ.

ಮಗು ಅವಳನ್ನು ನೋಡಿ, ಅನುಮಾನವೇ ಇಲ್ಲದೆ, "ಓಲ್ಡಾನ್" ಅಂದ.

"ಏನಂತೆ? ಏನಂದ?" ಎಂದು ಎಲ್ಲರೂ ಕೇಳಿದರು. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಅವನನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಹೂಂ ದೊಡ್ಡಮ್ಮ, ನಾನೇ. ಬಸ್ಸಿನ ಡ್ರೈವರೇ ಇವನ ಮಾತು ಕೇಳ್ತಾನೆ. ನಿಮಗೆ ಅರ್ಥ ಆಗ್ಲಿಲ್ಲ ಅಂದ್ರೆ ಅವನೇನ್ ಮಾಡ್ತಾನೆ?" ಅಂದಳು. ದೊಡ್ಡಮ್ಮ ಪಾಯಸ ನೋಡಲು ಅಡುಗೆ ಮನೆಗೆ ಹೋದರು.

ಮುಂದೆ ಎರಡು ತಿಂಗಳು ಸೊಸೆಯ ಹೆಸರು ಓಲ್ಡಾನ್ ಎಂದೇ ಆಯಿತು. ಅವಳು ಕೊಟ್ಟಿಗೆಗೆ ಹೊರಟರೆ ಓಲ್ಡಾನ್, ಸ್ನಾನಕ್ಕೆ ಹೋದರೆ ಬಾಗಿಲು ಬಡಿದು ಓಲ್ಡಾನ್. ನನಗೂ ಒಂದು ಹೆಸರು ಸಿಕ್ಕಿತು. ಅಷ್ಟು ಕದ್ದು ಕದ್ದು ಅಜ್ಜಿ ಎಂದು ಹೇಳಿಕೊಟ್ಟವಳನ್ನು ಅವನು "ಡೈವರ್" ಎಂದು ಕರೆದ. ಈಗ ಅವನಿಗೆ ನಾಲ್ಕು ವರ್ಷ ದಾಟಿದೆ, ಬೆಳಗಿಂದ ಸಂಜೆವರೆಗೆ ಕನ್ನಡ ತೆಲುಗು ಎರಡರಲ್ಲೂ ನಿಲ್ಲಿಸದೆ ಮಾತಾಡುತ್ತಾನೆ, ಈಗಲೂ ನಾನು ಡ್ರೈವರೇ.

"ಅಮ್ಮ" ಬಂದಿದ್ದು ಒಂದು ಬುಧವಾರ, ಯಾರೂ ಹೇಳು ಎನ್ನದೆ ಇದ್ದಾಗ. ಸೊಸೆ ಹೊರಗೆ ಹಸುವಿಗೆ ಮೇವು ಹಾಕುತ್ತಿದ್ದಳು. ಅವನು ಒಳಗೆ ಸ್ಟೂಲಿನಿಂದ ರಾಗಿ ಡ್ರಮ್ಮಿನ ಮೇಲೆ ಹತ್ತಿದ್ದ. ಸ್ಟೂಲು ಉರುಳಿತು, ಇಳಿಯಲು ಆಗಲಿಲ್ಲ. ಮೊದಲು "ಡೈವರ್" ಅಂದ. ನಾನು ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಕೂಗು ಬದಲಾಯಿತು.

"ಅಮ್ಮಾ!"

ನಾನು ಬಾಗಿಲಿಗೆ ಬಂದರೆ ಸೊಸೆ ಆಗಲೇ ಹೊಸ್ತಿಲ ಆಚೆ ಗೋಡೆಗೆ ಒರಗಿ ನಿಂತಿದ್ದಳು, ತೋಳಿನಲ್ಲಿ ಮೇವು ಹಾಗೇ ಇತ್ತು. ಒಳಗೆ ಹೋಗುತ್ತಿದ್ದ ನನ್ನ ಕೈ ಹಿಡಿದುಕೊಂಡಳು.

"ಬಿಡೇ, ಬಿದ್ಗಿದ್ದಾನು!"

"ಬೀಳಲ್ಲ ಅತ್ತೆ, ಕಿಟಕಿ ಕಂಬಿ ಹಿಡ್ಕೊಂಡಿದ್ದಾನೆ, ನೋಡ್ತಾ ಇದೀನಿ. ಸುಮ್ನಿರಿ."

"ಅಮ್ಮಾ! ಅಮ್ಮಾ!"

"ಕರೀತಾ ಇದಾನೆ ಕಣೇ!"

"ಗೊತ್ತು. ಇನ್ನೊಂದ್ಸಲ ಕರೀಲಿ."

ಅವನು ಇನ್ನೂ ಆರು ಸಲ ಕರೆದ. ಆರನೆಯದಕ್ಕೆ ಸಿಟ್ಟು ಬಂದಿತ್ತು. ಅವಳು ಮೇವನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು.