ಕೇಳಿದ ಮೇಲೆ ಕೈಬಿಟ್ಟ ದಾವೆ

ನಾಸಿಕದಲ್ಲಿ ನಮ್ಮ ವಕೀಲರ ಕಚೇರಿ ಶುರುವಾದದ್ದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ. ಕರಿ ಕೋಟಿನ ಮೇಲೆ ಸದಾ ಜೋಳದ ಹಿಟ್ಟು. ಧಾರವಾಡದಲ್ಲಿ ಕಾನೂನು ಓದಿದ್ದ ನಾನು ಅಲ್ಲಿ ಕಿರಿಯ ವಕೀಲನಾದೆ. ಕಚೇರಿ ಕಟ್ಟಿದ ಹಿರಿಯರು ಮರಾಠಿಯವರು, ಮಹಾ ಹಟಮಾರಿ. ಬಂದವನ ಕಥೆ ಪೂರ್ತಿ ಕೇಳಬೇಕು, ನಡುವೆ ಬಾಯಿ ಹಾಕಬಾರದು, ಎದುರಾಳಿ ಯಾರೆಂದು ಕೊನೆಗೆ ಕೇಳಬೇಕು. ಹೆಸರು ಮೊದಲೇ ಗೊತ್ತಾದರೆ ವಕೀಲ ಅರ್ಧ ಕಿವಿಯಲ್ಲಿ ಕೇಳುತ್ತಾನೆ ಎನ್ನುತ್ತಿದ್ದರು. ಬರುವವರೆಲ್ಲ ಸಟಾಣಾದ ಈರುಳ್ಳಿ ಬೆಳೆಗಾರರು, ಬದುವಿನ ಜಗಳದವರು. ಆಗ ಈ ಪದ್ಧತಿಯಿಂದ ಯಾರಿಗೂ ಕೆಡುಕಾಗಲಿಲ್ಲ.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಔರಂಗಾಬಾದಿನಲ್ಲಿ ಶಾಖೆಯಾಯಿತು, ಆಮೇಲೆ ಮುಂಬಯಿ. ಹಿರಿಯರ ಮಗ ಲಂಡನ್ನಿನಲ್ಲೂ ಕಚೇರಿ ತೆರೆದ. ಔರಂಗಾಬಾದಿನ ಶಾಖೆಗೆ ರತ್ನಗಂಬಳಿ ಹಾಸಿದರು. ಅದರ ಮೇಲೆ ಕಾಲಿಡಲು ಅಂಜಿ ರೈತರು ಬಾಗಿಲಲ್ಲೇ ನಿಲ್ಲುತ್ತಿದ್ದರು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳೆದೆವು, ಬೆಳೆದೆವು ಎಂದು ಎಲ್ಲರೂ ಕುಣಿದರು. ಕೇಳುವ ಪದ್ಧತಿಯನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಮಾಲೇಗಾಂವಿನಿಂದ ಒಬ್ಬ ಹೆಣ್ಣುಮಗಳು ನಾಸಿಕದ ಕಚೇರಿಗೆ ಬಂದಳು. ಇಳಕಲ್ ಕಡೆಯವಳೆಂದು ನನ್ನ ಮುಂದೆ ಕೂರಿಸಿದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅವಳ ಗಂಡ ಸತ್ತಿದ್ದ. ಬಾಯ್ಲರ್ ಮಾಡಿದ ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಬೇಕಿತ್ತು, ಗಡುವು ಹತ್ತಿರ ಬಂದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಎಲ್ಲವನ್ನೂ ಹೇಳಿದಳು. ಮುಖ ಗುರುತು ಸಿಗದೆ ಬೆಳ್ಳಿಯ ಉಡಿದಾರ ನೋಡಿ ಇವನೇ ನನ್ನ ಗಂಡ ಎಂದದ್ದನ್ನೂ ಹೇಳಿದಳು. ಅದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲವಂತೆ.

ಕೊನೆಗೆ ಕಂಪನಿಯ ಹೆಸರು ಕೇಳಿದೆ. ನಮ್ಮ ಲಂಡನ್ ಕಚೇರಿಯ ಮೊದಲ ಕಕ್ಷಿದಾರರು ಅವರೇ. ಒಂದೇ ಕಚೇರಿ ಎರಡು ಕಡೆ ನಿಲ್ಲುವಂತಿಲ್ಲ. ಹಿರಿಯರು ಮಗನಿಗೆ ಟ್ರಂಕ್ ಕಾಲ್ ಮಾಡಿ, ಆ ಕಂಪನಿಯನ್ನು ಬಿಡು ಎಂದು ಗದರಿದರು, ಆಮೇಲೆ ಅಂಗಲಾಚಿದರು. ಮಗ ಜಪ್ಪಯ್ಯ ಅನ್ನಲಿಲ್ಲ. ತಾವೇ ಕಟ್ಟಿದ ಕಚೇರಿಯಲ್ಲಿ ಅವರ ಮಾತು ನಡೆಯಲಿಲ್ಲ. ಅವಳಿಗೆ ಬೇರೊಬ್ಬ ವಕೀಲರನ್ನು ತೋರಿಸಿ ಕಳಿಸಿದೆವು.

ಅವಳು ಅಲ್ಲಿಗೆ ಹೋಗಲೇ ಇಲ್ಲವೆಂದು ತಿಳಿದು ನಾನು ಮಾಲೇಗಾಂವಿಗೆ ಹೋದೆ. ಮಗ್ಗಗಳ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು.

“ಇನ್ನೂ ವ್ಯಾಳ್ಯಾ ಐತಿ, ತಂಗಿ. ಅವರ ಮುಂದ ಎಲ್ಲಾ ಹೇಳ್ರಿ.”

“ಒಮ್ಮೆ ಹೇಳೀನಲ್ರಿ ಅಣ್ಣಾರ. ಇನ್ನೊಮ್ಮೆ ಹೇಳಾಕ ನನ್ನ ಕೈಲೆ ಆಗೂದಿಲ್ರಿ. ನೀವು ಕೇಳೀರಲ್ಲ, ನೀವ ಅವರಿಗೆ ಹೇಳ್ರಿ.”

ನಾನು ಅವಳ ಎದುರಾಳಿಯ ವಕೀಲರ ಕಚೇರಿಯವನು, ಹಾಗೆ ಹೇಳುವಂತಿಲ್ಲ ಎಂದು ಬಿಡಿಸಿ ತಿಳಿಸಿದೆ.

“ಹಂಗಾರ ಯಾಕ ಕೇಳಿದ್ರಿ?” ಎಂದು ಒಳಗೆ ಹೋದಳು. ದಾವೆ ಹೂಡಲೇ ಇಲ್ಲ.